ಬ್ಯಾಟ್ ಕೆಳಗಿಡುವ ಮೊದಲೇ ಕೋಚ್ ಆಗುವುದು ಹೇಗೆ

ಅಮೆರಿಕದ ಬೇಸ್‌ಬಾಲ್ ಆಟಗಾರ ಬಕ್ ಶೋವಾಲ್ಟರ್ 1977ರಲ್ಲಿ ಮಿಸಿಸಿಪಿ ಸ್ಟೇಟ್ ವಿಶ್ವವಿದ್ಯಾಲಯದ ಪರ .459 (ನೂರಕ್ಕೆ ಸುಮಾರು 46 ಹಿಟ್) ಸರಾಸರಿಯಲ್ಲಿ ಬ್ಯಾಟ್ ಬೀಸಿದರು. ಅದೇ ವರ್ಷ ನ್ಯೂಯಾರ್ಕ್ ಯಾಂಕೀಸ್ ತಂಡ, ವೃತ್ತಿಪರ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನ ಐದನೆಯ ಸುತ್ತಿನಲ್ಲಿ ಅವರನ್ನು ಆರಿಸಿಕೊಂಡಿತು. ಏಳು ವರ್ಷ ಕೆಳಹಂತದ ಮೈನರ್ ಲೀಗುಗಳಲ್ಲಿ ಆಡಿದರು. ಮೇಜರ್ ಲೀಗಿನಲ್ಲಿ ಒಂದು ದಿನವೂ ಆಡಲಿಲ್ಲ. ಅವರೂ ಆಡುತ್ತಿದ್ದ ಫಸ್ಟ್ ಬೇಸ್ ಜಾಗಕ್ಕೆ ಅದೇ ಸಂಸ್ಥೆಯೊಳಗೆ ಡಾನ್ ಮ್ಯಾಟಿಂಗ್ಲಿ ಬೆಳೆದು ಬರುತ್ತಿದ್ದರು. 1985ರಲ್ಲಿ ಒನಿಯಾಂಟಾ ಎಂಬ ಚಿಕ್ಕ ಊರಿನ ತಂಡಕ್ಕೆ ಶೋವಾಲ್ಟರ್ ಮ್ಯಾನೇಜರ್, ಎಂದರೆ ಮುಖ್ಯ ಕೋಚ್, ಆದರು. 1992ರಲ್ಲಿ ಯಾಂಕೀಸ್ ತಂಡಕ್ಕೇ ಮ್ಯಾನೇಜರ್ ಆದರು. ವರ್ಷದ ಅತ್ಯುತ್ತಮ ಮ್ಯಾನೇಜರ್ ಎಂಬ ಗೌರವ ಅವರಿಗೆ ನಾಲ್ಕು ಸಲ ಸಂದಿದೆ.

ಈ ಕಥೆಯನ್ನು ಸಮಾಧಾನ ಹೇಳಲು ಬಳಸುವವರಿದ್ದಾರೆ: ಆಡಿ ಗೆಲ್ಲಲಾಗದಿದ್ದರೂ ಕಲಿಸಿ ಗೆದ್ದರು ನೋಡಿ, ಎಂದು. ನನಗೆ ಅದು ಹಾಗೆ ಕಾಣುವುದಿಲ್ಲ. ಒಬ್ಬ ಮನುಷ್ಯ ಆಟ ಬಿಟ್ಟ ಎರಡೇ ವರ್ಷಕ್ಕೆ ಒಂದು ತಂಡವನ್ನು ನಡೆಸಬಲ್ಲವನಾದ ಎಂದರೆ, ಆಡುತ್ತಿದ್ದ ಆ ಏಳು ವರ್ಷವೂ ಅವನು ಸುತ್ತಲಿನದನ್ನೆಲ್ಲ ಗಮನಿಸುತ್ತಿದ್ದ ಎಂದೇ ಅರ್ಥ. ಆಟ ಮುಗಿದ ಮರುದಿನ ಕೋಚಿಂಗ್ ಶುರುವಾಗುವುದಿಲ್ಲ. ಅದು ಸಮವಸ್ತ್ರ ಮೈಮೇಲಿರುವಾಗಲೇ, ಬ್ಯಾಟಿಂಗ್ ಸರದಿ ನಿಮ್ಮದಲ್ಲದ ಹೊತ್ತಿನಲ್ಲಿ ಶುರುವಾಗಬೇಕು. ಈ ಮಾರ್ಗದರ್ಶಿಯ ಉಳಿದೆಲ್ಲ ಮಾತುಗಳೂ ಇದರಿಂದಲೇ ಹುಟ್ಟಿದವು.

ನಾನು ಕ್ಯಾಚರ್, ಎಂದರೆ ಬ್ಯಾಟರ್ ಹಿಂದೆ ಕೂತು ಎಸೆತ ಹಿಡಿಯುವವನು, ಆಗಿದ್ದವನು. ಕಾಲೇಜಿನ ನಾಲ್ಕು ವರ್ಷ ಮುಗಿಸಿ, ಡ್ರಾಫ್ಟ್‌ನ ತೀರ ಕೆಳಗಿನ ಸುತ್ತಿನಲ್ಲಿ ಆಯ್ಕೆಯಾಗಿ, ಮೇಜರ್ ಲೀಗಿಗಿಂತ ಎರಡು ಮೆಟ್ಟಿಲು ಕೆಳಗಿನ ಡಬಲ್-ಎ ಹಂತದವರೆಗೆ ಹೋದೆ. ಈಗ ಮೈನರ್ ಲೀಗ್ ತಂಡವೊಂದರಲ್ಲಿ ಕ್ಯಾಚರ್‌ಗಳಿಗೆ ಕಲಿಸುತ್ತೇನೆ. ಅಮೆರಿಕದಲ್ಲಿ ಬೆಳೆಯುತ್ತಿರುವ ಕನ್ನಡದ ಮನೆಗಳ ಹುಡುಗರೂ ಅವರ ತಂದೆತಾಯಿಯರೂ ಆಗಾಗ ನನ್ನನ್ನು ಈ ದಾರಿಯ ಬಗ್ಗೆ ಕೇಳುತ್ತಾರೆ. ಅವರಿಗೆ ಫೋನಿನಲ್ಲಿ ತುಂಡುತುಂಡಾಗಿ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಕಾಲೇಜಿನಲ್ಲಿರುವಾಗ

ಕಾಲೇಜು ಕ್ರೀಡೆಯ ಮೇಲಿನ ಹಂತವಾದ ಡಿವಿಷನ್ 1 ತಂಡಗಳ ಋತು ಫೆಬ್ರವರಿ ನಡುವಿನಲ್ಲಿ ಶುರುವಾಗುತ್ತದೆ. ನಿಯಮಿತ ಪಂದ್ಯಗಳು ಹೆಚ್ಚೆಂದರೆ 56. ಆಮೇಲೆ 64 ತಂಡಗಳ ರಾಷ್ಟ್ರೀಯ ಪಂದ್ಯಾವಳಿ, ಕೊನೆಗೆ ಎಂಟು ತಂಡಗಳು ನೆಬ್ರಾಸ್ಕಾದ ಒಮಾಹಾಗೆ. ಕಾಲೇಜು ವಿಶ್ವ ಸರಣಿ ಎನ್ನುವ ಈ ಕೊನೆಯ ಹಂತ 1950ರಿಂದ ಅಲ್ಲೇ ನಡೆಯುತ್ತಿದೆ. ಈ ಅವಧಿಯಲ್ಲಿ ನಿಮ್ಮ ಸರಾಸರಿ, ಹೋಮ್ ರನ್‌ಗಳು, ಎಸೆತದ ವೇಗ ಇವೆಲ್ಲವನ್ನೂ ವೃತ್ತಿಪರ ತಂಡಗಳ ಪರ ಆಟಗಾರರನ್ನು ಹುಡುಕುವ ಸ್ಕೌಟ್‌ಗಳು ಬರೆದುಕೊಳ್ಳುತ್ತಾರೆ. ನೀವು ಬರೆದುಕೊಳ್ಳಬೇಕಾದದ್ದು ಬೇರೆ.

ಮೊದಲ ಮಾತು, ಮರದ ಬ್ಯಾಟ್. ಕಾಲೇಜಿನಲ್ಲಿ ಲೋಹದ ಬ್ಯಾಟ್ ನಡೆಯುತ್ತದೆ, ವೃತ್ತಿಪರ ಆಟದಲ್ಲಿ ಮರವೇ. ಆದ್ದರಿಂದ ಬೇಸಿಗೆಯಲ್ಲಿ ಮರದ ಬ್ಯಾಟಿನ ಲೀಗಿಗೆ ಹೋಗಿ. ಮ್ಯಾಸಚೂಸೆಟ್ಸ್‌ನ ಕೇಪ್ ಕಾಡ್ ಲೀಗ್ ಇವುಗಳಲ್ಲಿ ಹೆಸರಾದದ್ದು. ಚಾಥಮ್, ಹಯಾನಿಸ್, ಫಾಲ್ಮತ್, ವೇರಮ್ ಮುಂತಾದ ಊರುಗಳ ಹತ್ತು ತಂಡಗಳು ಅಲ್ಲಿ ಆಡುತ್ತವೆ. ಆಟಗಾರರು ಊರಿನ ಮನೆಗಳಲ್ಲೇ ಉಳಿದುಕೊಳ್ಳುತ್ತಾರೆ. ಅಲ್ಲಿ ಅವಕಾಶ ಸಿಗದಿದ್ದರೆ ಬೇರೆ ಬೇಸಿಗೆ ಲೀಗುಗಳೂ ಇವೆ. ಬೇರೆ ಬೇರೆ ಕಾಲೇಜಿನ ಹುಡುಗರೊಂದಿಗೆ ಒಂದೇ ಡಗೌಟಿನಲ್ಲಿ (ಮೈದಾನದ ಬದಿಯ ತಂಡದ ಬೆಂಚು) ಕೂರುವುದರಿಂದ ಆಗುವ ದೊಡ್ಡ ಲಾಭವೆಂದರೆ, ಒಂದೇ ಕೆಲಸವನ್ನು ಹತ್ತು ಕೋಚ್‌ಗಳು ಹತ್ತು ಬಗೆಯಲ್ಲಿ ಕಲಿಸುತ್ತಾರೆ ಎಂಬುದು ಅಲ್ಲಿ ಗೊತ್ತಾಗುತ್ತದೆ. 'ನಿಮ್ಮ ಕೋಚ್ ಇದನ್ನು ಹೇಗೆ ಹೇಳುತ್ತಾರೆ?' ಎಂದು ಕೇಳುವ ಅಭ್ಯಾಸ ಮಾಡಿಕೊಳ್ಳಿ.

ಎರಡನೆಯದು ಕ್ಯಾಚರ್‌ಗಳಿಗೆ ವಿಶೇಷವಾಗಿ. ಬಹಳಷ್ಟು ಕಾಲೇಜು ತಂಡಗಳಲ್ಲಿ ಯಾವ ಎಸೆತ ಹಾಕಬೇಕೆಂದು ಡಗೌಟಿನಿಂದ ಕೋಚ್ ಹೇಳುತ್ತಾರೆ. ಕ್ಯಾಚರ್ ಅದನ್ನು ದಾಟಿಸುತ್ತಾನೆ, ಅಷ್ಟೆ. ಅಂಥವನು ವೃತ್ತಿಪರ ತಂಡಕ್ಕೆ ಬಂದ ಮೊದಲ ತಿಂಗಳು, ಪ್ರತಿ ಎಸೆತವನ್ನೂ ತಾನೇ ಆರಿಸಬೇಕಾಗಿ ಬಂದಾಗ, ಪಡುವ ಕಷ್ಟವನ್ನು ಪ್ರತಿ ವರ್ಷ ನೋಡುತ್ತೇನೆ. ಶರತ್ಕಾಲದ ಅಭ್ಯಾಸ ಪಂದ್ಯಗಳಲ್ಲಾದರೂ ಎಸೆತ ಆರಿಸಲು ಬಿಡಿ ಎಂದು ನಿಮ್ಮ ಕೋಚ್‌ರನ್ನು ಕೇಳಿ. ಅವರು ಒಪ್ಪದಿದ್ದರೆ ಬೆಂಚಿನ ಮೇಲೆ ಕೂತಾಗ ಪ್ರತಿ ಎಸೆತಕ್ಕೂ ಮೊದಲು ಮನಸ್ಸಿನಲ್ಲೇ ನಿಮ್ಮ ಆಯ್ಕೆ ಮಾಡಿ, ಆಮೇಲೆ ಕೋಚ್ ಆರಿಸಿದ್ದರೊಂದಿಗೆ ತಾಳೆ ನೋಡಿ. ಎಲ್ಲಿ ವ್ಯತ್ಯಾಸ ಬಂತೋ ಅದನ್ನು ಪಂದ್ಯದ ನಂತರ ಹೋಗಿ ಕೇಳಿ. ಹೀಗೆ ಕೇಳುವ ಆಟಗಾರನನ್ನು ಯಾವ ಕೋಚ್ ಕೂಡ ಮರೆಯುವುದಿಲ್ಲ. ಮುಂದೆ ಕೆಲಸ ಹುಡುಕುವಾಗ ನಿಮ್ಮ ಪರವಾಗಿ ಮೊದಲ ಫೋನ್ ಕರೆ ಮಾಡುವವರೂ ಅವರೇ.

ಮೂರನೆಯದು ಪದವಿ. ಇದನ್ನು ಡ್ರಾಫ್ಟ್‌ನೊಂದಿಗೆ ಸೇರಿಸಿಯೇ ಹೇಳಬೇಕು.

ಡ್ರಾಫ್ಟ್, ಮತ್ತು ಸಹಿ ಹಾಕುವ ಮೊದಲು ಕೇಳಬೇಕಾದ ಒಂದು ಸಂಗತಿ

2019ರವರೆಗೆ ಡ್ರಾಫ್ಟ್‌ನಲ್ಲಿ 40 ಸುತ್ತುಗಳಿದ್ದವು. 2020ರಲ್ಲಿ, ಕೋವಿಡ್ ವರ್ಷ, ಅದು ಐದಕ್ಕಿಳಿಯಿತು. 2021ರಿಂದ 20 ಸುತ್ತು, ನಡೆಯುವುದು ಜುಲೈನಲ್ಲಿ. ಒಟ್ಟು ಆಯ್ಕೆಯಾಗುವವರು ಆರುನೂರು ಚಿಲ್ಲರೆ ಮಂದಿ. ನಾಲ್ಕು ವರ್ಷದ ಕಾಲೇಜಿಗೆ ಸೇರಿದವರು ಸಾಮಾನ್ಯವಾಗಿ ಮೂರನೆಯ ವರ್ಷ ಮುಗಿದ ಮೇಲೆ, ಇಲ್ಲವೇ 21 ತುಂಬಿದ ಮೇಲೆ ಅರ್ಹರಾಗುತ್ತಾರೆ.

ಮೂರನೆಯ ವರ್ಷದಲ್ಲಿ ಆಯ್ಕೆಯಾದವನಿಗೆ 'ಬೇಡ, ಕಾಲೇಜಿಗೆ ಮರಳುತ್ತೇನೆ' ಎನ್ನುವ ಶಕ್ತಿ ಇರುತ್ತದೆ. ಆದ್ದರಿಂದ ಹಣವೂ ಹೆಚ್ಚು. ನಾಲ್ಕನೆಯ ವರ್ಷ ಮುಗಿಸಿದವನಿಗೆ ಆ ಶಕ್ತಿ ಇಲ್ಲ. ಮೊದಲ ಹತ್ತು ಸುತ್ತಿನ ಪ್ರತಿ ಆಯ್ಕೆಗೂ ಒಂದು ನಿಗದಿತ ಮೌಲ್ಯವಿದ್ದು, ಅವೆಲ್ಲ ಸೇರಿ ತಂಡದ ಒಟ್ಟು ಬೋನಸ್ (ಸಹಿ ಹಾಕಿದ್ದಕ್ಕೆ ಕೊಡುವ ಹಣ) ಮಿತಿಯಾಗುತ್ತದೆ. ನಾಲ್ಕನೆಯ ವರ್ಷ ಮುಗಿಸಿದ ಒಬ್ಬ ಆಟಗಾರನನ್ನು ಕೆಲವೇ ಸಾವಿರ ಡಾಲರಿಗೆ ಒಪ್ಪಿಸಿದರೆ ಉಳಿದ ಹಣವನ್ನು ಹೈಸ್ಕೂಲಿನ ಪ್ರತಿಭೆಯೊಬ್ಬನಿಗೆ ಕೊಡಬಹುದು. ಇದು ತಂಡಗಳ ಲೆಕ್ಕಾಚಾರ. ಅದರಲ್ಲಿ ನಿಮ್ಮ ಯೋಗ್ಯತೆಯ ತೀರ್ಪೇನೂ ಇಲ್ಲ. ಹಾಗಾಗಿ ಬೋನಸ್ ಸಣ್ಣದೆಂದು ಕುಗ್ಗಬೇಡಿ. ಆದರೆ ಒಂದನ್ನು ತಿಳಿದುಕೊಳ್ಳಿ: ಹೆಚ್ಚು ಹಣ ಸುರಿದ ಆಟಗಾರನಿಗೆ ತಂಡ ಹೆಚ್ಚು ಅವಕಾಶ ಕೊಡುತ್ತದೆ. ನಿಮ್ಮ ಗಡಿಯಾರ ಅವನದಕ್ಕಿಂತ ಬೇಗ ಓಡುತ್ತದೆ.

ಇನ್ನು ಆ ಒಂದು ಸಂಗತಿ. ಪದವಿ ಮುಗಿಸದೆ ಸಹಿ ಹಾಕುವವರು ತಮ್ಮ ಒಪ್ಪಂದದಲ್ಲಿ ಮುಂದಿನ ಓದಿನ ಖರ್ಚನ್ನು ಸೇರಿಸಿಕೊಳ್ಳಬಹುದು. ಮೇಜರ್ ಲೀಗ್ ಬೇಸ್‌ಬಾಲ್ ಇದಕ್ಕೆಂದೇ ಒಂದು ವಿದ್ಯಾರ್ಥಿವೇತನ ಯೋಜನೆಯನ್ನು ಇಟ್ಟಿದೆ. ಎಷ್ಟು ಸೆಮಿಸ್ಟರ್, ಪ್ರತಿ ಸೆಮಿಸ್ಟರ್‌ಗೆ ಎಷ್ಟು ಡಾಲರ್ ಎಂಬುದನ್ನು ಸಹಿ ಹಾಕುವ ಮೊದಲೇ ಚೌಕಾಸಿ ಮಾಡಿ ಬರೆಸಿಕೊಳ್ಳಬೇಕು. ವೃತ್ತಿಪರ ಆಟ ಬಿಟ್ಟ ಎರಡು ವರ್ಷದೊಳಗೆ ಓದು ಮತ್ತೆ ಶುರು ಮಾಡದಿದ್ದರೆ ಆ ಹಕ್ಕು ಹೋಗುತ್ತದೆ. ಬೋನಸ್ಸಿನ ಮೊತ್ತಕ್ಕೆ ಜಗ್ಗಾಡುವ ಹುಡುಗರು ಈ ಸಾಲಿನತ್ತ ಕಣ್ಣೆತ್ತಿಯೂ ನೋಡುವುದಿಲ್ಲ ಎಂಬುದು ನನಗೆ ನಿಜವಾದ ನೋವು. ಕೋಚ್ ಆಗಬೇಕೆನ್ನುವವನಿಗೆ ಇದರ ಬೆಲೆ ಇಮ್ಮಡಿ, ಏಕೆಂದರೆ ಕಾಲೇಜು ತಂಡಗಳ ಬಹುಪಾಲು ಹುದ್ದೆಗಳಿಗೆ ಪದವಿ ಬೇಕೇ ಬೇಕು. ತಂದೆತಾಯಿಯರೇ, ಮಗ ಒಪ್ಪಂದದ ಕಾಗದ ಹಿಡಿದು ಬಂದಾಗ ನೀವು ಮೊದಲು ಹುಡುಕಬೇಕಾದ ಪುಟ ಇದು.

ಏಣಿ ಮತ್ತು ಅದರ ಮೆಟ್ಟಿಲುಗಳು

2021ರಲ್ಲಿ ಮೈನರ್ ಲೀಗುಗಳನ್ನು ಹೊಸದಾಗಿ ಜೋಡಿಸಿದರು. 30 ಮೇಜರ್ ತಂಡಗಳಿಗೆ ತಲಾ ನಾಲ್ಕರಂತೆ 120 ಪೂರ್ಣ ಋತುವಿನ ತಂಡಗಳು, ಕೆಳಗಿನಿಂದ ಮೇಲಕ್ಕೆ: ಸಿಂಗಲ್-ಎ, ಹೈ-ಎ, ಡಬಲ್-ಎ, ಟ್ರಿಪಲ್-ಎ. ಅವುಗಳ ಕೆಳಗೆ ಅರಿಜೋನಾ ಮತ್ತು ಫ್ಲಾರಿಡಾದ ತರಬೇತಿ ಮೈದಾನಗಳಲ್ಲಿ ನಡೆಯುವ ಕಾಂಪ್ಲೆಕ್ಸ್ ಲೀಗುಗಳು, ಜೊತೆಗೆ ಡೊಮಿನಿಕನ್ ಗಣರಾಜ್ಯದ ಬೇಸಿಗೆ ಲೀಗ್. ಒಂದು ಎದುರಾಳಿಯೊಂದಿಗೆ ಮಂಗಳವಾರದಿಂದ ಭಾನುವಾರದವರೆಗೆ ಆರು ಪಂದ್ಯ, ಸೋಮವಾರ ರಜೆ. ಆ ಸೋಮವಾರವೂ ಬಹಳ ಸಲ ಬಸ್ಸಿನಲ್ಲೇ ಕಳೆಯುತ್ತದೆ.

ಸಂಬಳದ ವಿಷಯ ನೇರವಾಗಿ ಹೇಳುತ್ತೇನೆ. 2023ರಲ್ಲಿ ಮೈನರ್ ಲೀಗ್ ಆಟಗಾರರ ಮೊದಲ ಸಾಮೂಹಿಕ ಒಪ್ಪಂದವಾಯಿತು. ಅದರ ಪ್ರಕಾರ 2023ರಲ್ಲಿ ವರ್ಷದ ಕನಿಷ್ಠ ವೇತನ ಕಾಂಪ್ಲೆಕ್ಸ್ ಹಂತದಲ್ಲಿ 19,800 ಡಾಲರ್, ಸಿಂಗಲ್-ಎ 26,200, ಹೈ-ಎ 27,300, ಡಬಲ್-ಎ 30,250, ಟ್ರಿಪಲ್-ಎ 35,800. ಹಿಂದಿನದಕ್ಕೆ ಹೋಲಿಸಿದರೆ ಎರಡರಷ್ಟು, ಕೆಳಹಂತದಲ್ಲಿ ಅದಕ್ಕೂ ಹೆಚ್ಚು. 2022ರಿಂದ ವಸತಿಯನ್ನೂ ತಂಡಗಳೇ ಕೊಡುತ್ತಿವೆ. ಐದಾರು ಜನ ಒಂದು ಕೋಣೆ ಬಾಡಿಗೆಗೆ ಹಿಡಿದು ನೆಲದ ಮೇಲೆ ಹಾಸಿಗೆ ಹಾಸುತ್ತಿದ್ದ ಕಾಲ ಹೋಯಿತು, ಹೋದದ್ದು ಒಳ್ಳೆಯದಾಯಿತು.

ಇದಕ್ಕೆ ಇನ್ನೊಂದು ಮುಖವಿದೆ. 2024ರಿಂದ ಒಂದು ಸಂಸ್ಥೆ ಋತುವಿನಲ್ಲಿ ಅಮೆರಿಕದೊಳಗೆ ಇಟ್ಟುಕೊಳ್ಳಬಹುದಾದ ಆಟಗಾರರ ಸಂಖ್ಯೆ 180ರಿಂದ 165ಕ್ಕೆ ಇಳಿಯಿತು. ಇಪ್ಪತ್ತೈದು ದಾಟಿದ, ಬೋನಸ್ ಕಡಿಮೆಯಿದ್ದ, ಹೈ-ಎ ಹಂತದಲ್ಲೇ ಇರುವ ಆಟಗಾರನಿಗೆ ಆ ಹದಿನೈದು ಜಾಗಗಳೇ ಆಸರೆಯಾಗಿದ್ದವು. ಆದ್ದರಿಂದ ಮೊದಲ ಋತುವಿನಿಂದಲೇ ಕೋಚ್‌ನ ಕಣ್ಣಿನಿಂದ ನೋಡುವುದನ್ನು ಕಲಿಯಿರಿ ಎನ್ನುತ್ತೇನೆ. ಹಾಗೆ ನೋಡುವವನ ಆಟವೂ ಸುಧಾರಿಸುತ್ತದೆ ಎಂಬುದನ್ನು ನನ್ನ ಜೊತೆಗಾರರಲ್ಲಿ ಎಷ್ಟೋ ಸಲ ಕಂಡಿದ್ದೇನೆ. ಎರಡೂ ಒಂದಕ್ಕೊಂದು ಅಡ್ಡ ಬರುವುದಿಲ್ಲ.

ನೋಟ್‌ಬುಕ್

ಕೋಚ್ ಆಗಬೇಕೆನ್ನುವ ಆಟಗಾರ ಇಡಬೇಕಾದ ಒಂದೇ ಒಂದು ವಸ್ತು ಯಾವುದೆಂದು ಕೇಳಿದರೆ ನೋಟ್‌ಬುಕ್ ಎನ್ನುತ್ತೇನೆ. ಮೊಬೈಲ್ ಸಾಲದೇ ಎಂದರೆ, ಸಾಲದು. ಡಗೌಟಿನಲ್ಲಿ ಮೊಬೈಲ್ ತೆಗೆಯುವಂತಿಲ್ಲ, ಚೆಂಡೆಸೆಯುವ ಪಿಚರ್‌ಗಳು ಅಭ್ಯಾಸ ಮಾಡುವ ಬುಲ್‌ಪೆನ್‌ನಲ್ಲಿ ತೆಗೆದರೆ ಪಿಚರ್‌ಗೆ ಮುಜುಗರ. ಹಿಂಬದಿಯ ಜೇಬಿಗೆ ಹಿಡಿಸುವ ಸಣ್ಣ ಪುಸ್ತಕ, ಬೆವರಿಗೆ ಹರಡದ ಪೆನ್ಸಿಲ್.

ಏನು ಬರೆಯಬೇಕು? ನಾನು ಪುಟವನ್ನು ಮೂರು ಭಾಗ ಮಾಡುತ್ತಿದ್ದೆ: ನನಗೆ ಕಂಡದ್ದು, ಕೋಚ್ ಹೇಳಿದ್ದು, ಆಮೇಲೆ ಬದಲಾದದ್ದು. ಮೂರನೆಯದೇ ಮುಖ್ಯ, ಎಲ್ಲರೂ ಬಿಡುವುದೂ ಅದನ್ನೇ. ಹೈ-ಎ ಹಂತದಲ್ಲಿ ಬರೆದ ಒಂದು ಪುಟವನ್ನು ಇಲ್ಲಿಡುತ್ತೇನೆ, ಪಿಚರ್ ಹೆಸರು ಬಿಟ್ಟು (ಸ್ಲೈಡರ್ ಎಂದರೆ ಕೊನೆಗೆ ಬಾಗಿ ಇಳಿಯುವ ಎಸೆತ):

'ನಾಲ್ಕನೆಯ ಇನಿಂಗ್‌ನಿಂದ ಸ್ಲೈಡರ್ ಕೆಳಗಿಳಿಯುತ್ತಿಲ್ಲ, ಬ್ಯಾಟರ್‌ನ ಸೊಂಟದ ಮಟ್ಟದಲ್ಲೇ ತೇಲುತ್ತಿದೆ. ಕೋಚ್: ಮುಂದಿನ ಭುಜ ಬೇಗ ತೆರೆಯುತ್ತಿದೆ, ಮುಚ್ಚಿಟ್ಟುಕೋ. ಹುಡುಗ ಭುಜ ಬಿಗಿ ಹಿಡಿದ; ಚೆಂಡು ಇನ್ನೂ ಮೇಲಕ್ಕೆ, ವೇಗವೂ ಇಳಿಯಿತು. ಎರಡು ದಿನದ ನಂತರ ಬುಲ್‌ಪೆನ್: ಭುಜದ ಮಾತೇ ಎತ್ತಲಿಲ್ಲ. ನನ್ನ ಬಲ ಮೊಣಕಾಲನ್ನು ತಟ್ಟಿ, ಇದಕ್ಕೆ ಹೊಡಿ ಎಂದೆ. ಮೂರನೆಯ ಎಸೆತದಿಂದ ಇಳಿಯತೊಡಗಿತು. ಭುಜ ತಾನಾಗಿ ಮುಚ್ಚಿತ್ತು.'

ಕೋಚ್ ಕಂಡುಹಿಡಿದ ದೋಷ ಸರಿಯಾಗಿತ್ತು. ಹೇಳಿದ ರೀತಿ ಆ ಹುಡುಗನಿಗೆ ಹೊಂದಲಿಲ್ಲ. ದೇಹದ ಅಂಗದ ಮೇಲೆ ಗಮನವಿಡು ಎಂದರೆ ಕೆಲವರ ದೇಹ ಮರಗಟ್ಟುತ್ತದೆ. ಗುರಿಯ ಮೇಲೆ ಗಮನವಿಡು ಎಂದರೆ ಅದೇ ದೇಹ ದಾರಿ ಹುಡುಕಿಕೊಳ್ಳುತ್ತದೆ. ಹೊರಗಿನ ಗುರಿಯತ್ತ ಗಮನ ಹರಿಸಿದಾಗ ಚಲನೆ ಸುಲಲಿತವಾಗುತ್ತದೆಂಬುದನ್ನು ಚಲನ ಕಲಿಕೆಯ ಸಂಶೋಧಕರು ಬಹಳ ಕಾಲದಿಂದ ಹೇಳುತ್ತಿದ್ದಾರೆ. ನಾನು ಅದನ್ನು ಓದುವ ಮೊದಲೇ ಆ ಪುಟದಲ್ಲಿ ಕಂಡಿದ್ದೆ. ಇಂಥ ಪುಟಗಳು ಸೇರುತ್ತಾ ಹೋದಂತೆ, ಯಾರಿಗೆ ಯಾವ ಮಾತು ಎಂಬ ನಿಮ್ಮದೇ ಒಂದು ಭಂಡಾರ ಬೆಳೆಯುತ್ತದೆ. ಸಂದರ್ಶನದಲ್ಲಿ 'ನಿಮ್ಮ ಕೋಚಿಂಗ್ ಧೋರಣೆ ಏನು?' ಎಂದು ಕೇಳಿದಾಗ ಉಳಿದವರು ದೊಡ್ಡ ದೊಡ್ಡ ಮಾತು ಆಡುತ್ತಾರೆ. ನೀವು ಒಂದು ಪುಟ ತೆರೆದು ಓದಬಹುದು.

ಪಂದ್ಯದ ಮರುದಿನ ಆಡಬೇಕಾದ ಪಿಚರ್ ಹಿಂದೆಲ್ಲ ಸ್ಟ್ಯಾಂಡಿನಲ್ಲಿ ಕೂತು ಪ್ರತಿ ಎಸೆತದ ಪಟ್ಟಿ ಬರೆಯುತ್ತಿದ್ದ. ಈಗ ಆ ಕೆಲಸವನ್ನು ಯಂತ್ರ ಮಾಡುತ್ತದೆ. ಆದರೂ ವಾರಕ್ಕೊಮ್ಮೆ ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟಿನ ಹಿಂದಿನ ಆಸನದಲ್ಲಿ ಕೂತು ಕೈಯಲ್ಲೇ ಬರೆಯಿರಿ. ಯಂತ್ರ ಎಸೆತ ಎಲ್ಲಿ ಬಿತ್ತೆಂದು ಹೇಳುತ್ತದೆ. ಬ್ಯಾಟರ್ ಅದಕ್ಕೆ ಮುಖ ಹಿಂಡಿದನೋ ನಕ್ಕನೋ ಎಂದು ಹೇಳುವುದಿಲ್ಲ.

ಸ್ಪ್ಯಾನಿಷ್

ಇದಕ್ಕೆ ದೀರ್ಘ ವಿವರಣೆ ಬೇಡ. ಮೈನರ್ ಲೀಗಿನ ಕೆಳಹಂತಗಳಲ್ಲಿ ಡೊಮಿನಿಕನ್ ಗಣರಾಜ್ಯ, ವೆನೆಜುವೆಲಾಗಳಿಂದ ಬಂದ ಹದಿಹರೆಯದ ಹುಡುಗರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಅವರಿಗೆ ಅವರ ಭಾಷೆಯಲ್ಲೇ ಕಲಿಸಬಲ್ಲವನಿಗೆ ಕೆಲಸ ಬೇಗ ಸಿಗುತ್ತದೆ. ಮನೆಯಲ್ಲೊಂದು ಭಾಷೆ, ಬೀದಿಯಲ್ಲೊಂದು ಭಾಷೆ ಆಡಿಕೊಂಡು ಬೆಳೆದ ನಮ್ಮ ಹುಡುಗರಿಗೆ ಮತ್ತೊಂದು ಭಾಷೆ ಹೆದರಿಕೆಯ ವಿಷಯವೇ ಅಲ್ಲ. ಸಹ ಆಟಗಾರರೊಂದಿಗೆ ಒಂದೇ ಮನೆಯಲ್ಲಿರಿ, ಒಟ್ಟಿಗೆ ಅಡುಗೆ ಮಾಡಿ, ಬಸ್ಸಿನಲ್ಲಿ ಅವರ ಪಕ್ಕ ಕೂತುಕೊಳ್ಳಿ. ಎರಡು ಋತು ಸಾಕು. ಪಿಚಿಂಗ್ ಮೌಂಡಿಗೆ ಹೋಗಿ, ಹತ್ತೊಂಬತ್ತರ ಹುಡುಗನೊಬ್ಬನ ಎದೆಬಡಿತ ಇಳಿಸುವಷ್ಟು ಮಾತು ಬಂದರೆ ಅದು ಯಾವ ಪ್ರಮಾಣಪತ್ರಕ್ಕೂ ಮಿಗಿಲು.

ಫಂಗೋ

ಕೋಚ್‌ನ ಕೈಯಲ್ಲಿರುವ ಉದ್ದನೆಯ, ತೆಳ್ಳನೆಯ, ಹಗುರಾದ ಬ್ಯಾಟಿಗೆ ಫಂಗೋ ಎನ್ನುತ್ತಾರೆ. ಎಡಗೈಯಲ್ಲಿ ಚೆಂಡನ್ನು ತೂರಿ, ಬೇಕಾದ ಕಡೆಗೆ, ಬೇಕಾದ ವೇಗದಲ್ಲಿ, ಬೇಕಾದ ಪುಟಿತದೊಂದಿಗೆ ಹೊಡೆಯಬೇಕು. ಒಳ್ಳೆಯ ಬ್ಯಾಟರ್‌ಗಳಲ್ಲಿ ಎಷ್ಟೋ ಜನರಿಗೆ ಇದು ಬರುವುದಿಲ್ಲ, ಏಕೆಂದರೆ ಇದು ಬೇರೆಯೇ ಕೌಶಲ. ಕಲಿಯುವ ಕಾಲ ಆಟಗಾರನಾಗಿರುವಾಗಲೇ. ಮಧ್ಯಾಹ್ನ ಇನ್‌ಫೀಲ್ಡರ್‌ಗಳು ಹೆಚ್ಚುವರಿ ಅಭ್ಯಾಸ ಕೇಳುತ್ತಾರೆ, ಕೋಚ್‌ಗಳು ಬೇರೆ ಕೆಲಸದಲ್ಲಿರುತ್ತಾರೆ. 'ನಾನು ಹೊಡೆಯುತ್ತೇನೆ' ಎಂದು ಮುಂದೆ ಹೋಗಿ. ಎರಡನೆಯ ಮತ್ತು ಮೂರನೆಯ ಬೇಸ್ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್‌ನ ಬ್ಯಾಕ್‌ಹ್ಯಾಂಡ್ ಕಡೆಗೆ ಒಂದೇ ಜಾಗಕ್ಕೆ ಇಪ್ಪತ್ತು ಚೆಂಡು ಕಳಿಸಲು ಬಂದರೆ ನಿಮ್ಮ ಕೈ ಪಳಗಿತೆಂದು ತಿಳಿಯಿರಿ.

ಎಲ್ಲಕ್ಕಿಂತ ಕಠಿಣ, ಕ್ಯಾಚರ್ ತಲೆಯ ನೇರ ಮೇಲಕ್ಕೆ ಎತ್ತರದ ಚೆಂಡು ಹೊಡೆಯುವುದು. ಹಾಗೆ ಮೇಲೇರಿದ ಫೌಲ್ (ಆಟದ ಗೆರೆಯ ಹೊರಗಿನ) ಚೆಂಡು ತನ್ನ ಹಿಮ್ಮುಖ ತಿರುಗುವಿಕೆಯಿಂದಾಗಿ ಇಳಿಯುವಾಗ ಮೈದಾನದ ಕಡೆಗೆ ಬಾಗಿ ಬರುತ್ತದೆ. ಅದಕ್ಕೇ ಕ್ಯಾಚರ್ ಮುಖಕವಚ ಕೈಯಲ್ಲಿ ಹಿಡಿದು, ಇನ್‌ಫೀಲ್ಡಿಗೆ ಬೆನ್ನು ಮಾಡಿ ನಿಲ್ಲಬೇಕು. ಚೆಂಡು ಖಚಿತವಾಗಿ ಕಂಡ ಮೇಲೆ ಕವಚವನ್ನು ದೂರ ಎಸೆಯಬೇಕು. ಇದನ್ನು ಬಾಯಲ್ಲಿ ಹೇಳಿದರೆ ಯಾರಿಗೂ ಅಂಟುವುದಿಲ್ಲ. ನೂರಾರು ಸಲ ಅಂಥ ಚೆಂಡು ಮೇಲೇರಬೇಕು. ಅದನ್ನು ಏರಿಸಲು ಬರುವ ಕೋಚ್ ಬೇಕು. ನಾನು ಇದನ್ನು ಕಲಿತದ್ದು ಎಲ್ಲರೂ ಊಟಕ್ಕೆ ಹೋದಾಗ, ಖಾಲಿ ಮೈದಾನದಲ್ಲಿ. ಚೆಂಡಿನ ಕೆಳ ಅರ್ಧಕ್ಕೆ, ಮಣಿಕಟ್ಟನ್ನು ಸಡಿಲ ಬಿಟ್ಟು, ಮುಖವೂ ಚೆಂಡಿನ ಜೊತೆಗೇ ಮೇಲೇಳುವಂತೆ ಹೊಡೆಯಬೇಕು.

ಬ್ಯಾಟಿಂಗ್ ಅಭ್ಯಾಸಕ್ಕೆ ಚೆಂಡು ಎಸೆಯುವುದೂ ಇದೇ ಜಾತಿಯ ಕೆಲಸ. ಒಂದೇ ವೇಗ, ಒಂದೇ ಎತ್ತರ, ಒಂದೇ ಲಯ, ದಿನವೂ. ಭುಜ ಕಾಪಾಡಿಕೊಳ್ಳಿ, ಮುಂದಿನ ಹೊಟ್ಟೆಪಾಡು ಅದರ ಮೇಲೇ ನಿಂತಿದೆ.

ಯಂತ್ರಗಳ ಓದು

ಟ್ರ್ಯಾಕ್‌ಮ್ಯಾನ್, ಹಾಕ್-ಐ, ರ್‍ಯಾಪ್ಸೋಡೋ ಉಪಕರಣಗಳು ಎಸೆತದ ತಿರುಗುವಿಕೆ, ಬಾಗುವಿಕೆ, ಕೈಬಿಟ್ಟ ಎತ್ತರ ಎಲ್ಲವನ್ನೂ ಅಳೆಯುತ್ತವೆ. ನಿಮ್ಮ ಬಗ್ಗೆ ಬಂದ ವರದಿಯನ್ನು ಹಾಗೇ ಬ್ಯಾಗಿಗೆ ತುರುಕಬೇಡಿ. ವಿಶ್ಲೇಷಕರ ಬಳಿ ಹೋಗಿ ಪ್ರತಿ ಅಂಕಿಯನ್ನೂ ವಿವರಿಸಲು ಕೇಳಿ. ಈಗ ಕೆಲಸಕ್ಕೆ ತೆಗೆದುಕೊಳ್ಳುವವರು ಮೊದಲು ಪರೀಕ್ಷಿಸುವುದು, ಅಂಕಿಯನ್ನು ಆಟಗಾರನಿಗೆ ಅರ್ಥವಾಗುವ ಒಂದು ಸಣ್ಣ ಮಾತಾಗಿ ಇಳಿಸಬಲ್ಲಿರಾ ಎಂಬುದನ್ನು.

ನಿಯಮಗಳೂ ಬದಲಾಗುತ್ತಿವೆ, ಅವು ಮೊದಲು ಬರುವುದು ಮೈನರ್ ಲೀಗಿಗೆ. ಎಸೆತಕ್ಕೆ ಸಮಯದ ಮಿತಿ ಹಾಕುವ ಪಿಚ್ ಗಡಿಯಾರ ಅಲ್ಲಿ ಪಳಗಿದ ಮೇಲೆ 2023ರಲ್ಲಿ ಮೇಜರ್ ಲೀಗಿಗೆ ಹೋಯಿತು. ಎಸೆತ ಸರಿಯಾದ ಚೌಕಟ್ಟಿನೊಳಗೆ ಬಂತೇ ಎಂಬ ಅಂಪೈರ್‌ನ ಸ್ಟ್ರೈಕ್ ತೀರ್ಪನ್ನು ಯಂತ್ರದ ಮುಂದೆ ಪ್ರಶ್ನಿಸುವ ವ್ಯವಸ್ಥೆ ಟ್ರಿಪಲ್-ಎಯಲ್ಲಿ ಪ್ರಯೋಗವಾಗಿ 2026ರಿಂದ ಮೇಜರ್ ಲೀಗಿಗೆ ಬಂದಿದೆ. ಬ್ಯಾಟರ್, ಪಿಚರ್, ಕ್ಯಾಚರ್ ಮಾತ್ರ ಪ್ರಶ್ನಿಸಬಹುದು. ಡಗೌಟಿನಿಂದ ಸಹಾಯ ಪಡೆಯುವಂತಿಲ್ಲ. ಅಂದರೆ ತೀರ ಕೆಳಗೆ ಬಂದ ಎಸೆತವನ್ನು ನಾಜೂಕಾಗಿ ಹಿಡಿದು ಅಂಪೈರ್‌ನ ಮನವೊಲಿಸುವುದನ್ನು ಕಲಿಸಿದರೆ ಸಾಲದು. ಯಾವ ಎಸೆತಕ್ಕೆ, ಯಾವ ಇನಿಂಗ್‌ನಲ್ಲಿ ಪ್ರಶ್ನೆ ಎತ್ತುವುದು ಲಾಭ ಎಂಬುದನ್ನೂ ಕಲಿಸಬೇಕು. ಇದನ್ನು ಟ್ರಿಪಲ್-ಎಯಲ್ಲಿ ಆಡಿ ಅನುಭವಿಸಿದವನು ಹಳೆಯ ಕೋಚ್‌ಗಳಿಗಿಂತ ಹೆಚ್ಚು ಬಲ್ಲ. ಈ ಹೊತ್ತಿನಲ್ಲಿ ಆಟ ಬಿಡುತ್ತಿರುವ ಕ್ಯಾಚರ್‌ಗಳಿಗೆ ಇದೊಂದು ತೆರೆದ ಬಾಗಿಲು.

ಬಿಡುವ ಹೊತ್ತು

ಹೆಚ್ಚಿನವರಿಗೆ ಈ ನಿರ್ಧಾರವನ್ನು ತಂಡವೇ ಮಾಡಿಕೊಡುತ್ತದೆ. ಮಾರ್ಚ್ ಕೊನೆಯಲ್ಲಿ, ವಸಂತ ತರಬೇತಿ ಮುಗಿಯುವಾಗ, ಬೆಳಿಗ್ಗೆ ಕಚೇರಿಗೆ ಕರೆಯುತ್ತಾರೆ. ಮಾತು ಎರಡು ನಿಮಿಷದಲ್ಲಿ ಮುಗಿಯುತ್ತದೆ. ಆ ಎರಡು ನಿಮಿಷದಲ್ಲಿ ನೀವು ಹೇಳಬೇಕಾದ ಒಂದು ವಾಕ್ಯವಿದೆ, ಅದನ್ನು ಮೊದಲೇ ಸಿದ್ಧವಾಗಿಟ್ಟುಕೊಳ್ಳಿ: 'ನನಗೆ ಕೋಚ್ ಆಗುವ ಆಸೆಯಿದೆ, ಇಲ್ಲಿ ಅಥವಾ ನಿಮಗೆ ಗೊತ್ತಿರುವ ಕಡೆ ಜಾಗವಿದ್ದರೆ ನನ್ನನ್ನು ನೆನಪಿಡಿ.' ಎದುರಿಗಿರುವವರಿಗೂ ಅದು ಹಗುರಾಗುವ ಕ್ಷಣ. ಅಳು ಬಂದರೆ ಅತ್ತುಬಿಡಿ, ಆದರೆ ವಾಕ್ಯ ಹೇಳಿಯೇ ಹೊರಗೆ ಬನ್ನಿ.

ಅದಕ್ಕೂ ಮೊದಲೇ ಸೂಚನೆಗಳು ಸಿಗುತ್ತವೆ. ನಿಮಗಿಂತ ಕಿರಿಯನನ್ನು ನಿಮ್ಮ ಜೊತೆ ಕೋಣೆಯಲ್ಲಿಟ್ಟು 'ಇವನನ್ನು ನೋಡಿಕೋ' ಎನ್ನುತ್ತಾರೆ. ವಾರಕ್ಕೆ ಎರಡು ಪಂದ್ಯ ಆಡಿಸುತ್ತಾರೆ, ಬುಲ್‌ಪೆನ್‌ಗೆ ಮಾತ್ರ ದಿನವೂ ಕರೆಯುತ್ತಾರೆ. ನನಗೆ ಹಾಗಾದಾಗ ನಾನು ಹೆಚ್ಚು ಆಡಿಸಿ ಎಂದು ಕೇಳಿದೆ, ಜೊತೆಗೇ ಆ ಕಿರಿಯನನ್ನು ನೋಡಿಕೊಳ್ಳುವ ಕೆಲಸವನ್ನೂ ಮನಸ್ಸಿಟ್ಟು ಮಾಡಿದೆ. ಎರಡನ್ನೂ ಒಟ್ಟಿಗೆ ಮಾಡಲು ಸಾಧ್ಯ.

ಇನ್ನೂ ಆಡುವ ಹಂಬಲ ತೀರದಿದ್ದರೆ ಸ್ವತಂತ್ರ ಲೀಗುಗಳಿವೆ: ಅಟ್ಲಾಂಟಿಕ್ ಲೀಗ್, ಅಮೆರಿಕನ್ ಅಸೋಸಿಯೇಷನ್, ಫ್ರಾಂಟಿಯರ್ ಲೀಗ್, ಪಯೋನಿಯರ್ ಲೀಗ್. ಅಲ್ಲಿ ಆಡುತ್ತಲೇ ಕೋಚ್ ಕೆಲಸವನ್ನೂ ಮಾಡುವವರನ್ನು ನೋಡುತ್ತೀರಿ. ಒಂದು ಋತು ಹೋಗಿ ಬರುವುದರಲ್ಲಿ ತಪ್ಪೇನಿಲ್ಲ. ಆದರೆ ಓದಿನ ಆ ಎರಡು ವರ್ಷದ ಗಡುವು ನಿಮ್ಮ ಒಪ್ಪಂದದ ಪ್ರಕಾರ ಯಾವಾಗಿನಿಂದ ಎಣಿಕೆಯಾಗುತ್ತದೆ ಎಂದು ಕೇಳಿಕೊಂಡೇ ಹೋಗಿ.

ಎರಡು ಬಾಗಿಲು

ಒಂದು, ವೃತ್ತಿಪರ ಸಂಸ್ಥೆ. ಕಾಂಪ್ಲೆಕ್ಸ್ ಅಥವಾ ಸಿಂಗಲ್-ಎ ತಂಡದಲ್ಲಿ ಸಹಾಯಕನಾಗಿ ಶುರು. ಇಲ್ಲಿ ಗೆಲುವಿಗಿಂತ ಆಟಗಾರನ ಬೆಳವಣಿಗೆಯೇ ಮುಖ್ಯ. ಪ್ರತಿಯೊಬ್ಬನಿಗೂ ಬರೆದಿಟ್ಟ ಯೋಜನೆ ಇರುತ್ತದೆ, ವಾರಗಳಿಗೊಮ್ಮೆ ಮೇಲಿನಿಂದ ಸಂಯೋಜಕರು ಬಂದು ನೋಡುತ್ತಾರೆ. ತಾಳ್ಮೆ ಎಷ್ಟು ಬೇಕೆಂಬುದಕ್ಕೆ ಬ್ರಯಾನ್ ಸ್ನಿಟ್ಕರ್ ಸಾಕ್ಷಿ. ಡ್ರಾಫ್ಟ್‌ನಲ್ಲಿ ಯಾರೂ ಆರಿಸದೆ 1977ರಲ್ಲಿ ಅಟ್ಲಾಂಟಾ ಬ್ರೇವ್ಸ್ ಸಂಸ್ಥೆ ಸೇರಿದ ಕ್ಯಾಚರ್ ಅವರು. ಅದೇ ಸಂಸ್ಥೆಯಲ್ಲಿ ಉಳಿದು 2016ರಲ್ಲಿ, ಅರವತ್ತನೆಯ ವಯಸ್ಸಿನಲ್ಲಿ, ಮೇಜರ್ ಲೀಗ್ ಮ್ಯಾನೇಜರ್ ಆದರು, 2021ರಲ್ಲಿ ಮೇಜರ್ ಲೀಗಿನ ಅಂತಿಮ ಪಂದ್ಯಮಾಲೆಯಾದ ವಿಶ್ವ ಸರಣಿ ಗೆದ್ದರು. ಜಿಮ್ ಲೇಲಂಡ್ ಕೂಡ ಡಬಲ್-ಎ ದಾಟದ ಕ್ಯಾಚರ್. 1971ರಲ್ಲಿ, ಇನ್ನೂ 26ರ ಹರೆಯದಲ್ಲಿ, ಬ್ರಿಸ್ಟಲ್ ಎಂಬ ಊರಿನ ರೂಕಿ ತಂಡದ ಮ್ಯಾನೇಜರ್ ಆದರು. 2024ರಲ್ಲಿ ಬೇಸ್‌ಬಾಲ್ ದಿಗ್ಗಜರ ಹಾಲ್ ಆಫ್ ಫೇಮ್ ಸೇರಿದರು. ಮುಂದೆ ಮೇಜರ್ ಲೀಗ್ ಮ್ಯಾನೇಜರ್ ಆದ ಜೋ ಮ್ಯಾಡನ್ ಸಹ ಸಿಂಗಲ್-ಎ ಮೀರದ ಕ್ಯಾಚರ್. ನಮ್ಮ ವಿಕೆಟ್ ಕೀಪರ್‌ನಂತೆಯೇ ಕ್ಯಾಚರ್‌ಗೂ ಇಡೀ ಮೈದಾನ ಎದುರಿಗೇ ಇರುತ್ತದೆ. ಈ ಪಟ್ಟಿಯಲ್ಲಿ ಕ್ಯಾಚರ್‌ಗಳೇ ತುಂಬಿರುವುದು ನನಗೆ ಆಶ್ಚರ್ಯವಲ್ಲ. ಸಾಫ್ಟ್‌ಬಾಲ್ ಕ್ಯಾಚರ್ ಆಗಿದ್ದ ರೇಚಲ್ ಬಾಲ್ಕೊವೆಕ್ 2022ರಲ್ಲಿ ಟ್ಯಾಂಪಾ ಟಾರ್ಪನ್ಸ್ ಎಂಬ ಸಿಂಗಲ್-ಎ ತಂಡವನ್ನು ಮ್ಯಾನೇಜರ್ ಆಗಿ ನಡೆಸಿದರು. ಹೆಣ್ಣುಮಕ್ಕಳ ತಂದೆತಾಯಿಯರು ಇದನ್ನೂ ಗಮನಿಸಲಿ.

ಎರಡು, ಕಾಲೇಜು. ಇಲ್ಲಿ ಗೆಲ್ಲಲೇಬೇಕು, ಜೊತೆಗೆ ಹೈಸ್ಕೂಲು ಹುಡುಗರನ್ನು ಹುಡುಕಿ ತರಬೇಕು. ದಿನದ ಅರ್ಧ ಫೋನಿನಲ್ಲೇ ಹೋಗುತ್ತದೆ. ಹಿಂದೆ ಡಿವಿಷನ್ 1 ತಂಡಗಳಲ್ಲಿ ಸಂಬಳವಿಲ್ಲದ ಸ್ವಯಂಸೇವಕ ಸಹಾಯಕನ ಹುದ್ದೆಯಿತ್ತು. 2023ರ ಜುಲೈನಲ್ಲಿ ಅದನ್ನು ರದ್ದು ಮಾಡಿ ಸಂಬಳ ಕೊಡಬಹುದಾದ ಹುದ್ದೆಯಾಗಿಸಿದರು. ಆ ಜಾಗಕ್ಕೆ ಪೈಪೋಟಿ ಜೋರಾಗಿದೆ. ಅದಕ್ಕೇ ಜೂನಿಯರ್ ಕಾಲೇಜು, ಡಿವಿಷನ್ 2, ಡಿವಿಷನ್ 3 ತಂಡಗಳನ್ನು ಕಡೆಗಣಿಸಬೇಡಿ. ಅಲ್ಲಿ ಸ್ನಾತಕೋತ್ತರ ಓದಿನ ಜೊತೆಗೆ ಸಹಾಯಕ ಕೋಚ್ ಆಗುವ ಅವಕಾಶಗಳಿವೆ, ಜವಾಬ್ದಾರಿಯೂ ಬೇಗ ಕೈಗೆ ಬರುತ್ತದೆ. ಈ ಎರಡು ಬಾಗಿಲುಗಳ ನಡುವಿನ ಗೋಡೆಯೂ ತೆಳುವಾಗುತ್ತಿದೆ: ಟೆನೆಸಿ ವಿಶ್ವವಿದ್ಯಾಲಯದ ಕೋಚ್ ಟೋನಿ ವಿಟೆಲ್ಲೊ ಅವರನ್ನು 2025ರ ಅಕ್ಟೋಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ನೇರವಾಗಿ ಮ್ಯಾನೇಜರ್ ಮಾಡಿಕೊಂಡಿತು.

ನನ್ನನ್ನು ಕೇಳಿದರೆ, ಒಬ್ಬನೇ ಆಟಗಾರನ ಒಂದು ದೋಷದ ಮೇಲೆ ತಿಂಗಳುಗಟ್ಟಲೆ ಕೆಲಸ ಮಾಡಲು ಇಷ್ಟವಿದ್ದರೆ ಮೊದಲನೆಯದು. ತಂಡ ಕಟ್ಟುವುದು, ಮನೆಮನೆಗೆ ಹೋಗಿ ಮಾತಾಡುವುದು ಇಷ್ಟವಿದ್ದರೆ ಎರಡನೆಯದು.

ಕೆಲಸ ಹಿಡಿಯುವುದು

ಅಮೆರಿಕನ್ ಬೇಸ್‌ಬಾಲ್ ಕೋಚ್‌ಗಳ ಸಂಘದ ಸಮಾವೇಶ ಪ್ರತಿ ವರ್ಷ ಜನವರಿಯಲ್ಲಿ ನಡೆಯುತ್ತದೆ. ಸಾವಿರಾರು ಕೋಚ್‌ಗಳು ಸೇರುತ್ತಾರೆ. ಆಡುತ್ತಿರುವಾಗಲೇ, ಬಿಡುವಿನ ತಿಂಗಳಲ್ಲಿ ಒಮ್ಮೆ ಹೋಗಿ. ಉಪನ್ಯಾಸಗಳಿಗಿಂತ ಮೊಗಸಾಲೆಯ ಮಾತುಕತೆಯಲ್ಲಿ ಕೆಲಸಗಳು ಕೈ ಬದಲಾಗುತ್ತವೆ. ನಿಮ್ಮ ಹಳೆಯ ಕಾಲೇಜು ಕೋಚ್ ಅಲ್ಲಿರುತ್ತಾರೆ. ಅವರ ಜೊತೆ ನಿಂತು ಅವರ ಸ್ನೇಹಿತರ ಪರಿಚಯ ಮಾಡಿಕೊಳ್ಳಿ. ವೃತ್ತಿಪರ ಸಂಸ್ಥೆಗಳು ಹೊಸಬರನ್ನು ಆರಿಸುವುದು ಹೆಚ್ಚಾಗಿ ಋತು ಮುಗಿದ ಮೇಲೆ, ಅಕ್ಟೋಬರ್‌ನಿಂದ ಜನವರಿಯ ನಡುವೆ. ಅರ್ಜಿಯ ಜೊತೆ ಒಂದು ವಿಡಿಯೋ ಕಳಿಸಿ: ನೀವು ಆಡುವುದನ್ನಲ್ಲ, ಕಲಿಸುವುದನ್ನು. ಮೂರು ನಿಮಿಷ, ಒಬ್ಬ ಹುಡುಗ, ಒಂದು ದೋಷ, ಮೊದಲು ಹೇಗಿತ್ತು, ಆಮೇಲೆ ಹೇಗಾಯಿತು.

ಕೆಲಸ ಕೊಡುತ್ತೇವೆ ಎಂದ ಕೂಡಲೇ ಒಪ್ಪಿಕೊಳ್ಳಬೇಕೆಂಬ ಆತುರ ಸಹಜ. ಆದರೂ ಕೆಲವನ್ನು ಕೇಳಿ ಬರೆದುಕೊಳ್ಳಿ. ಮೈನರ್ ಲೀಗ್ ಆಟಗಾರರಿಗೆ 2022ರಿಂದ ಒಕ್ಕೂಟವಿದೆ. ಅವರ ವಸತಿ, ವೇತನ ಒಪ್ಪಂದದಲ್ಲಿ ಬರೆದಿದೆ. ಕೋಚ್‌ಗಳು ಆ ಒಪ್ಪಂದದೊಳಗೆ ಬರುವುದಿಲ್ಲ. ಆದ್ದರಿಂದ ಊರಿನಲ್ಲಿ ಮನೆ ಯಾರದು, ಆರೋಗ್ಯ ವಿಮೆ ಹೆಂಡತಿ ಮಕ್ಕಳಿಗೂ ಇದೆಯೇ, ಸಂಬಳ ಹನ್ನೆರಡು ತಿಂಗಳೂ ಬರುತ್ತದೆಯೇ ಅಥವಾ ಋತುವಿನಲ್ಲಿ ಮಾತ್ರವೇ, ಶರತ್ಕಾಲದ ತರಬೇತಿ ಶಿಬಿರಕ್ಕೆ ಹೋಗಬೇಕಾದರೆ ಪ್ರಯಾಣದ ಖರ್ಚು ಯಾರದು, ಋತುವಿನ ನಡುವೆ ಬೇರೆ ಊರಿಗೆ ಕಳಿಸಿದರೆ ಬಾಡಿಗೆ ಒಪ್ಪಂದ ಮುರಿದ ದಂಡ ಯಾರು ಕಟ್ಟುತ್ತಾರೆ, ಇವಿಷ್ಟಕ್ಕೂ ಉತ್ತರವನ್ನು ಇಮೇಲ್‌ನಲ್ಲಿ ತರಿಸಿಕೊಳ್ಳಿ. ಕೇಳಿದ್ದಕ್ಕೆ ಕೆಲಸ ತಪ್ಪಿದವರನ್ನು ನಾನು ಕಂಡಿಲ್ಲ. ಉತ್ತರ ಬಂದ ಮೇಲೆ ಸಹಿ ಹಾಕಿ, ಫೆಬ್ರವರಿ ಮೊದಲ ವಾರಕ್ಕೆ ಅರಿಜೋನಾಗೋ ಫ್ಲಾರಿಡಾಗೋ ಟಿಕೆಟ್ ತೆಗೆಯಿರಿ. ಆಟಗಾರರಿಗಿಂತ ಕೋಚ್‌ಗಳು ಮೊದಲೇ ಅಲ್ಲಿರಬೇಕು.